ಹೋಮವಿಲ್ಲದ ಹಾಡು

ಯೇಬ್ ಕೋಟೆ
ದಾರ್ಯಾವೆಷ ಅರಸನ ಹದಿನಾಲ್ಕನೆಯ ವರ್ಷ, ಆಬ್ ತಿಂಗಳು

ತಮ್ಮ ಗದ್ದೂಲನಿಗೆ ಅಕ್ಕ ಸಲ್ಲೂವ ಹೇಳಿ ಬರೆಸಿದ್ದು. ನೀನು ಸುಖವಾಗಿರಲಿ ಎಂದು ಯಾಹು ದೇವರನ್ನು ಬೇಡಿಕೊಳ್ಳುತ್ತೇನೆ. ನಿಂತು ಬೇಡಿಕೊಳ್ಳುವ ಜಾಗವೇ ಈಗ ನಮಗಿಲ್ಲ.

ಕಳೆದ ತಿಂಗಳು ನಮ್ಮ ದೇವಾಲಯವನ್ನು ಕೆಡವಿಹಾಕಿದರು. ಪಕ್ಕದ ಟಗರುದೇವರ ಗುಡಿಯ ಈಜಿಪ್ಟಿನ ಪೂಜಾರಿಗಳೂ ಇಲ್ಲಿನ ಅಧಿಕಾರಿಯೂ ಒಂದಾದರು. ನದಿಯಾಚೆಯ ಕೋಟೆಯಿಂದ ದಂಡು ಬಂತು. ಕಲ್ಲುಕಂಬಗಳನ್ನು ಉರುಳಿಸಿದರು, ಬಾಗಿಲುಗಳ ಕಂಚಿನ ತಿರುಗಣಿ ಕಿತ್ತರು, ದೇವದಾರು ಮರದ ಮಾಡಿಗೆ ಬೆಂಕಿ ಇಟ್ಟರು. ಬಂಗಾರದ ಬೋಗುಣಿಗಳು ಯಾರ ಮನೆ ಸೇರಿದವೋ. ನಮ್ಮ ಗಂಡಸರೂ ಅದೇ ಅರಸನ ಅನ್ನ ತಿನ್ನುವ ಸಿಪಾಯಿಗಳಲ್ಲವೇ, ಅವನ ದಂಡಿನ ಮೇಲೆ ಕೈಯೆತ್ತಲು ಆಗಲಿಲ್ಲ. ಓಣಿಯಲ್ಲಿ ನಿಂತು ನೋಡಿದರು.

ಅಪ್ಪ ಕಿನ್ನರಿಯನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದರು. ಮನೆಗೆ ಬಂದವರೇ ಅದರ ತಂತಿಗಳನ್ನೆಲ್ಲ ಸಡಿಲ ಮಾಡಿದರು. "ಬಿಗಿದಿಟ್ಟು ಬಾರಿಸದೆ ಇದ್ದರೆ ಮರ ಸೊಟ್ಟಗಾಗುತ್ತೆ" ಅಂದರು. ಅಷ್ಟು ಹೊತ್ತಿನ ತನಕ ಅಳದೆ ಇದ್ದವಳು ನಾನು, ಆ ಮಾತು ಕೇಳಿ ಅತ್ತೆ.

ಸಭೆಯ ಹಿರಿಯರು ಸೇರಿ ತೀರ್ಮಾನ ಮಾಡಿದ್ದಾರೆ. ದೇವಾಲಯ ಮತ್ತೆ ಏಳುವ ತನಕ ಗೋಣಿತಟ್ಟು ಉಡಬೇಕು, ತಲೆಗೆ ಎಣ್ಣೆ ಹಚ್ಚಬಾರದು, ದ್ರಾಕ್ಷಾರಸ ಮುಟ್ಟಬಾರದು, ಹಾಡಬಾರದು. ತೊಟ್ಟಿಲ ಮಗುವಿಗೂ ಹಾಡಿಲ್ಲ. ನನ್ನ ಮಗಳು ಅಬೀಹಿಯ ಮದುವೆ ಈ ಸುಗ್ಗಿಗೆ ಗೊತ್ತಾಗಿತ್ತಲ್ಲ, ಅದೂ ನಿಂತಿತು. ದಮ್ಮಡಿ ಬಾರಿಸದೆ ಹೆಣ್ಣನ್ನು ಹೇಗೆ ಕಳಿಸಲಿ? ಈ ಪತ್ರ ಬರೆಯುತ್ತಿರುವವನು ಅವಳ ಗಂಡನಾಗಬೇಕಾದ ಪಿಲ್ತಿಯೇ. "ಇದನ್ನೂ ಬರೀಬೇಕಾ ಅತ್ತೆ?" ಅಂತ ಕೇಳುತ್ತಿದ್ದಾನೆ. ಬರಿ ಅಂದೆ.

ಹಿರಿಯರು ಯೆರೂಸಲೇಮಿನ ಮಹಾಯಾಜಕರಿಗೆ ಮನವಿ ಕಳಿಸುತ್ತಿದ್ದಾರೆ. ನಮ್ಮ ಓಣಿಯ ಇಸ್ಲಾಹ ಅದನ್ನು ತರುತ್ತಾನೆ. ನೀನು ದಿನ ಬೆಳಗಾದರೆ ಅಲ್ಲಿನ ದೇವಾಲಯದ ಅಂಗಳದಲ್ಲಿ ಹಾಡುವವನು. ನಿನ್ನ ಮಾತು ಅವರ ಕಿವಿಗೆ ಬಿದ್ದೀತು. ನಮ್ಮವನೊಬ್ಬ ಅಲ್ಲಿದ್ದಾನೆ ಅನ್ನುವುದೊಂದೇ ಊರಿಗೆಲ್ಲ ಧೈರ್ಯ.


ಯೆರೂಸಲೇಮ್
ಅದೇ ವರ್ಷ, ಕಿಸ್ಲೇವ್ ತಿಂಗಳು

ಅಕ್ಕನಿಗೆ ಗದ್ದೂಲನ ನಮಸ್ಕಾರ. ಅಪ್ಪನ ಪಾದಕ್ಕೂ.

ಪತ್ರ ಬಂದಾಗ ಪರ್ಣಶಾಲೆಗಳ ಹಬ್ಬ ನಡೆಯುತ್ತಿತ್ತು. ಹಳ್ಳಿಹಳ್ಳಿಗಳಿಂದ ಜನ ಖರ್ಜೂರದ ಗರಿ, ಎಲೆತುಂಬಿದ ಕೊಂಬೆ ಹೊತ್ತು ಬಂದಿದ್ದರು. ಮಾಳಿಗೆಗಳ ಮೇಲೆಲ್ಲ ಹಸಿರು ಚಪ್ಪರ. ಓದಿ ಮಡಿಸಿ ನಡುವಿಗೆ ಸಿಕ್ಕಿಸಿಕೊಂಡು ಹೋಗಿ ನನ್ನ ಸಾಲಿನಲ್ಲಿ ನಿಂತೆ. ಇಲ್ಲಿ ಹೇಗೆಂದರೆ, ಯಾಜಕರು ಹೋಮದ ಮೇಲೆ ದ್ರಾಕ್ಷಾರಸ ಎರೆಯುವ ಗಳಿಗೆ ನೋಡಿ ತಾಳ ಬೀಳುತ್ತದೆ. ತುತೂರಿ ಕೂಗುತ್ತದೆ. ಆಮೇಲೆ ನಾವು. ಜನವೆಲ್ಲ ನೆಲಕ್ಕೆ ಬೀಳುತ್ತಾರೆ, ಗಾಳಿ ಬೀಸಿದಾಗ ಗೋಧಿಹೊಲ ಮಲಗಿದ ಹಾಗೆ. ಆವತ್ತು ನಾನು ನಮ್ಮ ದೇವಾಲಯವನ್ನು ನೆನೆದು ಹಾಡಿದೆ. ಹಬ್ಬದ ಹಾಡು ಬಾಯಲ್ಲಿ, ಸೂತಕ ಎದೆಯಲ್ಲಿ. ಅದು ತಪ್ಪೋ ಸರಿಯೋ ತಿಳಿಯದು.

ಇಸ್ಲಾಹ ಬಂದ. ಮನವಿ ದೊಡ್ಡವರ ಕೈ ಸೇರಿದೆ. ಅದರ ವಿಷಯ ಮಾತಾಡಿದಾಗ ನಾನೂ ಅಲ್ಲಿದ್ದೆ. ಎಲ್ಲರೂ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಇದು ದೊಡ್ಡ ಮನೆ ಅಕ್ಕ, ಇಲ್ಲಿ ಮಾತು ನಿಧಾನವಾಗಿ ಏಳುತ್ತದೆ. ಕಾಯಿರಿ.

ಅಪ್ಪನಿಗೆ ಗಂಟಲಿಗೆ ಬಿಸಿನೀರು ಕೊಡುವುದು ಮರೆಯಬೇಡ. ಹಾಡದೆ ಇದ್ದರೂ ಕೊಡು.


ಯೇಬ್ ಕೋಟೆ
ಹದಿನೈದನೆಯ ವರ್ಷ, ಇಯ್ಯಾರ್ ತಿಂಗಳು

ತಮ್ಮ, ನಿನ್ನ ಪತ್ರವನ್ನು ಪಿಲ್ತಿ ನಮ್ಮ ಅಂಗಳದಲ್ಲಿ ಗಟ್ಟಿಯಾಗಿ ಓದಿದ. ಓಣಿಯವರೆಲ್ಲ ಬಂದಿದ್ದರು. ದೊಡ್ಡವರು ಬಹಳ ಹೊತ್ತು ಸುಮ್ಮನಿದ್ದರು ಅನ್ನುವ ಕಡೆ ಮುದುಕಿಯರು ಅತ್ತರು. ನಮ್ಮ ದುಃಖಕ್ಕೆ ಅವರ ಬಾಯಿ ಕಟ್ಟಿತಲ್ಲ, ಒಳ್ಳೆಯ ಉತ್ತರವೇ ಬರುತ್ತದೆ ಅಂದರು ಹಿರಿಯರು. ನನಗೂ ಹಾಗೇ ಅನ್ನಿಸಿತು.

ಪಸ್ಕಹಬ್ಬ ಆಯಿತು. ಹುಳಿಯಿಲ್ಲದ ರೊಟ್ಟಿ ಸುಟ್ಟೆವು, ತಿಂದೆವು, ಕೈ ತೊಳೆದೆವು. ಹಾಡಿಲ್ಲದ ಹಬ್ಬ ಎಷ್ಟು ಬೇಗ ಮುಗಿದುಹೋಗುತ್ತದೆ. ತಿಂದಾದ ಮೇಲೆ ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಮಕ್ಕಳು ಅಪ್ಪನ ಮುಖ ನೋಡುತ್ತ ಕುಳಿತವು. ಅವರು ರೊಟ್ಟಿಯ ಚೂರುಗಳನ್ನು ಬೆರಳಲ್ಲಿ ಒತ್ತಿ ಒತ್ತಿ ಎತ್ತುತ್ತಿದ್ದರು.

ಪಕ್ಕದ ಗುಡಿಯಲ್ಲಿ ಅವರ ಟಗರುದೇವರಿಗೆ ದಿನವೂ ಗಿಲಕಿ, ದಿನವೂ ಕುಣಿತ. ಆ ಗುಡಿಯ ನೀರು ಹೊರುವವಳೊಬ್ಬಳು ಬಾವಿಯ ಹತ್ತಿರ ನನ್ನನ್ನು ಕಂಡು, "ಏನಮ್ಮ, ನಿಮ್ಮ ದೇವರಿಗೆ ಗಂಟಲು ಕಟ್ಟಿತಾ?" ಅಂದಳು.

"ದೇವರಿಗಲ್ಲ ಕಣೇ, ನಮಗೆ" ಅಂದೆ.

ಅವಳಿಗೆ ಆಡಿದ್ದು ಜಾಸ್ತಿಯಾಯಿತು ಅನ್ನಿಸಿರಬೇಕು, ನನ್ನ ಕೊಡ ಎತ್ತಿ ತಲೆಗಿಟ್ಟಳು.

ಅಪ್ಪ ಚೆನ್ನಾಗಿದ್ದಾರೆ. ಅಷ್ಟೇ ಬರಿ ಅಂತ ಪಿಲ್ತಿಗೆ ಹೇಳಿದೆ. ಇಸ್ಲಾಹ ಇನ್ನೂ ಬಂದಿಲ್ಲ, ದಾರಿಯಲ್ಲಿ ಮೆಂಫಿಸ್‌ನಲ್ಲಿ ಜ್ವರ ಹಿಡಿದು ಮಲಗಿದ್ದಾನಂತೆ. ಉತ್ತರದ ಸುಳಿವು ಸಿಕ್ಕರೆ ನೀನೇ ಮೊದಲು ತಿಳಿಸು.


ಯೆರೂಸಲೇಮ್
ಹದಿನೈದನೆಯ ವರ್ಷ, ತಿಶ್ರೀ ತಿಂಗಳ ಕೊನೆ

ಅಕ್ಕ, ಈ ಸಲ ಹಬ್ಬದಲ್ಲಿ ನನ್ನನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿದರು. ಮುಖ್ಯಗಾಯಕರ ಎಡಗಡೆಗೆ. ಹೊರಗಿನಿಂದ ಬಂದವನಿಗೆ ಇಲ್ಲಿ ಇಂಥ ಜಾಗ ಸಿಕ್ಕಿದ್ದಿಲ್ಲ. "ಈಜಿಪ್ಟಿನವನೇ" ಎಂದು ಕರೆಯುತ್ತಿದ್ದವರು ಈಗ ಹೆಸರು ಹಿಡಿದು ಕರೆಯುತ್ತಾರೆ. ಅಪ್ಪನಿಗೆ ಹೇಳು, ಸಂತೋಷಪಟ್ಟಾರು.

ಮನವಿಯ ಮಾತು ಹೊಸದೇನಿಲ್ಲ. ಸುಗ್ಗಿ, ಹಬ್ಬ, ಅದು ಇದು.

ಅಬೀಹಿಯ ಮದುವೆಗೆಂದು ಒಂದು ಜಾಡಿ ಸುಗಂಧದ ಎಣ್ಣೆ ಕಳಿಸಿದ್ದೇನೆ. ಸೋದರಮಾವನ ಕಡೆಯದು. ಚೆನ್ನಾಗಿ ಹಚ್ಚಿಕೊಂಡು ಮದುಮಗಳಾಗಲಿ.


ಯೇಬ್ ಕೋಟೆ
ಹದಿನೈದನೆಯ ವರ್ಷ, ಅದಾರ್ ತಿಂಗಳು

ಗದ್ದೂಲನಿಗೆ.

ಇಸ್ಲಾಹ ಊರಿಗೆ ಬಂದ. ನಡೆದದ್ದನ್ನು ನನಗೊಬ್ಬಳಿಗೇ ಹೇಳಿದ.

ಅಲ್ಲಿ ದೊಡ್ಡವರು ಮನವಿಯನ್ನು ಓದಿಸಿ, "ಯೆರೂಸಲೇಮ್ ಇರುವಾಗ ಇನ್ನೊಂದು ಕಡೆ ಯಾಹುವಿಗೆ ಯಜ್ಞವೇದಿ ಯಾಕೆ? ಕೆಡವಿದ್ದೇ ಒಳ್ಳೆಯದಾಯಿತು" ಅಂದರಂತೆ. ಆಮೇಲೆ ಮುಖ್ಯಗಾಯಕರು ನಿನ್ನ ಕಡೆ ತಿರುಗಿ, "ನೀನು ಆ ಊರಿನವನಲ್ಲವೇ? ಅಲ್ಲಿ ನಿಜವಾದ ಹೋಮ ನಡೆಯುತ್ತಿತ್ತೇ?" ಎಂದು ಕೇಳಿದರಂತೆ. ನೀನು, "ಚಿಕ್ಕಂದಿನಲ್ಲೇ ಬಂದುಬಿಟ್ಟೆ, ನನಗೆ ನೆನಪಿಲ್ಲ" ಅಂದೆಯಂತೆ.

ನೀನು ಇಲ್ಲಿಂದ ದೋಣಿ ಹತ್ತಿದಾಗ ನಿನಗೆ ಗಡ್ಡ ಬಂದಿತ್ತು. ಬೆಳಗಿನ ಹೋಮಕ್ಕೆ ಅಪ್ಪನ ಬಲಗಡೆ ನಿಂತು ಹಾಡಿ, ಅಲ್ಲಿಂದ ನೇರವಾಗಿ ದಡಕ್ಕೆ ಬಂದೆ. ನನಗೆ ನೆನಪಿದೆ.

ಮುಂದಿನ ಸಾಲು ಹೇಗೆ ಸಿಕ್ಕಿತೆಂದು ಈಗ ತಿಳಿಯಿತು.

ಎಣ್ಣೆ ಜಾಡಿಯನ್ನು ತೆರೆಯದೆ ವಾಪಸು ಕಳಿಸುತ್ತಿದ್ದೇನೆ. ನಾವು ಎಣ್ಣೆ ಮುಟ್ಟುವುದಿಲ್ಲವೆಂದು ಮೊದಲ ಪತ್ರದಲ್ಲೇ ಬರೆಸಿದ್ದೆ. ಅಪ್ಪನಿಗೆ ಇದ್ಯಾವುದನ್ನೂ ಹೇಳಿಲ್ಲ. ಮಗ ಅಲ್ಲಿ ನಮಗಾಗಿ ವಾದಿಸುತ್ತಿದ್ದಾನೆ ಅಂತ ಹೇಳುತ್ತ ಬಂದಿದ್ದೇನೆ, ಹಾಗೇ ಹೇಳುತ್ತಿರುತ್ತೇನೆ. ಪಿಲ್ತಿ ಇದನ್ನು ಬರೆಯುವಾಗ ತಲೆಯೆತ್ತಿ ನನ್ನನ್ನು ನೋಡಲಿಲ್ಲ.


ಯೆರೂಸಲೇಮ್
ಹದಿನೇಳನೆಯ ವರ್ಷ, ತಮ್ಮೂಜ್ ತಿಂಗಳು

ಅಕ್ಕ, ಇಷ್ಟು ಕಾಲ ಬರೆಯಲಿಲ್ಲ. ಏನು ಬರೆದರೂ ನೀನು ನಂಬಬೇಕಾದ್ದಿರಲಿಲ್ಲ.

ಇಸ್ಲಾಹ ಹೇಳಿದ್ದು ನಿಜ. ನನಗೆ ಹೆದರಿಕೆಯಾಯಿತು. ಈ ಅಂಗಳದಿಂದ ಹೊರಗೆ ಹಾಕಿಬಿಟ್ಟರೆ ಎಂಬ ಹೆದರಿಕೆ. ಇಲ್ಲಿ ಹಾಡಿದ ಮೇಲೆ ಬೇರೆಲ್ಲೂ ಹಾಡಲಾರೆ ಅಂತ ತಿಳಿದಿದ್ದೆ.

ನಿನ್ನ ಜಾಡಿ ವಾಪಸು ಬಂದ ಮೇಲೆ ನನಗೆ ದನಿ ಹೊರಡಲಿಲ್ಲ. ಸಾಲಿನಲ್ಲಿ ನಿಂತು ಬಾಯಿ ಆಡಿಸುತ್ತಿದ್ದೆ, ಅಷ್ಟೇ. ತಿಂಗಳುಗಟ್ಟಲೆ. ಪಕ್ಕದಲ್ಲಿ ನಿಂತವನಿಗೂ ಗೊತ್ತಾಗಲಿಲ್ಲ. ನಾನು ಹಾಡಿದರೂ ಬಿಟ್ಟರೂ ಆ ಹಾಡು ಅಷ್ಟೇ ದೊಡ್ಡದಾಗಿ ಕೇಳುತ್ತಿತ್ತು. ಒಂದು ದಿನ ಮುಖ್ಯಗಾಯಕರ ಮುಂದೆ ಹೋಗಿ ನಿಂತೆ.

"ಆವತ್ತು ಒಂದು ಮಾತು ಕೇಳಿದಿರಿ. ಈಗ ಉತ್ತರ ಹೇಳ್ತೀನಿ. ಹೋಮ ನಡೀತಿತ್ತು. ನಮ್ಮಪ್ಪ ಅದರ ಮುಂದೆ ಹಾಡ್ತಿದ್ದರು. ಅವರ ಪಕ್ಕ ನಾನು ಹಾಡ್ತಿದ್ದೆ."

"ಈಗ ಹೇಳಿ ಏನಪ್ಪಾ ಬಂತು? ಅದನ್ನು ಕೇಳಿಸಿಕೊಳ್ಳಬೇಕಾಗಿದ್ದವರು ಯಾವಾಗಲೋ ಎದ್ದು ಹೋದರು" ಅಂದರು. ಕೋಪದಿಂದಲ್ಲ, ದಣಿದವರ ಹಾಗೆ.

ಇವರಿಂದ ಉತ್ತರ ಬರುವುದಿಲ್ಲ. ನಮ್ಮ ಹಿರಿಯರಿಗೆ ಹೇಳು, ಯಾಜಕರನ್ನು ಬಿಟ್ಟು ಅರಸನ ಕಡೆಯವರಿಗೆ ಬರೆಯಲಿ. ಯೆಹೂದದ ಅಧಿಪತಿಗೊಂದು, ಸಮಾರ್ಯದ ಅಧಿಪತಿಯ ಮಕ್ಕಳಿಗೊಂದು. ಸಮಾರ್ಯಕ್ಕೆ ನಾನೇ ನಡೆದು ಹೋಗಿ ಬಂದೆ. ಇಲ್ಲಿನವರು ಅತ್ತ ಕಡೆ ಮುಖ ಮಾಡಿ ಉಗುಳುತ್ತಾರೆ, ನಿನಗೆ ಗೊತ್ತಿರಬಹುದು. ಆ ಮಕ್ಕಳಲ್ಲಿ ಹಿರಿಯವನು ಬಾಗಿಲಲ್ಲೇ ನಿಲ್ಲಿಸಿಕೊಂಡು ಕೇಳಿದ. "ನೀನು ಯೆರೂಸಲೇಮಿನ ಗಾಯಕ. ನಮ್ಮ ಮನೆಗೆ ಬಂದದ್ದು ತಿಳಿದರೆ ನಿನ್ನ ಗತಿ ಏನು?" ಅಂದ. "ಅದು ನನ್ನ ಪಾಡು. ನೀವು ಪತ್ರ ಬಂದರೆ ಓದಿಸಿ" ಅಂದೆ. ಓದಿಸುತ್ತೇನೆಂದು ಮಾತು ಕೊಟ್ಟಿದ್ದಾನೆ.

ನನ್ನ ಜಾಗದ ವಿಷಯ ಕೇಳಬೇಡ.


ಯೇಬ್ ಕೋಟೆ
ಹದಿನೆಂಟನೆಯ ವರ್ಷ, ಸೀವಾನ್ ತಿಂಗಳು

ತಮ್ಮ, ಇಬ್ಬರಿಂದಲೂ ಉತ್ತರ ಬಂತು. ಕಟ್ಟಬಹುದು ಅಂತ. ಇದ್ದ ಜಾಗದಲ್ಲೇ, ಇದ್ದ ಹಾಗೆಯೇ. ಗಂಡಸರು ಆಗಲೇ ಕಲ್ಲು ಹೊರುತ್ತಿದ್ದಾರೆ. ನಿನ್ನ ಭಾವ ಬೆನ್ನು ಹಿಡಿದುಕೊಂಡು ಬಂದು, "ಕೆಡವಿದೋರಿಗೆ ಒಂದು ಬೆಳಗು ಸಾಕಾಗಿತ್ತು" ಅಂತ ಗೊಣಗುತ್ತಾರೆ. ಗೊಣಗಾಟವೂ ಈಗ ಕೇಳಲು ಹಿತ. ನೀನು ಸಮಾರ್ಯಕ್ಕೆ ನಡೆದು ಹೋದದ್ದನ್ನು ಊರವರಿಗೆಲ್ಲ ನಾನೇ ಹೇಳಿದೆ. ಅಧಿಪತಿಗಳ ಮನೆಬಾಗಿಲು ನಿನಗೆ ತೆರೆಯುತ್ತದೆ ಎಂದರೆ ನೀನೀಗ ಅಲ್ಲಿ ದೊಡ್ಡ ಜಾಗದಲ್ಲಿರಬೇಕು. ನಿನ್ನ ಮೇಲೆ ನನಗಿದ್ದ ಸಿಟ್ಟು ಪೂರ್ತಿ ಇಳಿದಿದೆ ಅನ್ನಲಾರೆ. ಇಳಿಯುತ್ತಿದೆ.

ಆದರೆ ಒಂದು ತೊಡಕು. ಅಪ್ಪಣೆಯಲ್ಲಿ ಧಾನ್ಯನೈವೇದ್ಯ ಇದೆ, ಧೂಪ ಇದೆ. ಹೋಮ ಇಲ್ಲ. ಕುರಿ, ಎತ್ತು, ಆಡು ಯಾವುದನ್ನೂ ಸುಡುವ ಹಾಗಿಲ್ಲ. ಟಗರುದೇವರ ಪೂಜಾರಿಗಳನ್ನು ಕೆಣಕುವುದು ಬೇಡವೆಂದೋ, ಯೆರೂಸಲೇಮಿನವರನ್ನು ಕೆಣಕುವುದು ಬೇಡವೆಂದೋ, ಯಾರಿಗೆ ಗೊತ್ತು.

ಈಗ ಹಿರಿಯರು ಜಗಳಕ್ಕೆ ಬಿದ್ದಿದ್ದಾರೆ. ನಮ್ಮಲ್ಲೂ ಹಾಡು ಹುಟ್ಟುತ್ತಿದ್ದದ್ದು ಹೋಮದ ಮೇಲೆ ರಸ ಎರೆದಾಗ. ಹೋಮವೇ ಇಲ್ಲದ ಮೇಲೆ ಹಾಡು ಎಲ್ಲಿಂದ? ಕೆಲವರು, ದೇವಾಲಯ ಎದ್ದರೂ ಹಾಡು ಮುಗಿದ ಹಾಗೇ ಅನ್ನುತ್ತಾರೆ. ಹಾಡಿಲ್ಲದಿದ್ದರೆ ದಮ್ಮಡಿಯೂ ಇಲ್ಲ. ಅಬೀಹಿ ಮೊನ್ನೆ, "ಅಮ್ಮಾ, ನಾನು ಮದುವೆ ಆಗದೆ ಇದ್ದರೂ ಪರವಾಗಿಲ್ಲ, ಹೀಗೆ ಎಲ್ಲರೂ ನನ್ನನ್ನು ನೋಡಿ ನಿಟ್ಟುಸಿರು ಬಿಡೋದು ನಿಲ್ಲಲಿ" ಅಂದಳು. ಪಿಲ್ತಿ ಇದನ್ನು ಬರೆಯಲ್ಲ ಅಂದ. ಬರೆಸಿದ್ದೇನೆ.

ಹಾಸಿಗೆ ಹಿಡಿದಿರುವ ಅಪ್ಪನನ್ನು ಕೇಳಿದರೆ ಗೋಡೆಯ ಕಡೆ ತಿರುಗುತ್ತಾರೆ. ಅಲ್ಲಿನ ದೊಡ್ಡ ಗಾಯಕರನ್ನು ವಿಚಾರಿಸಿ ಬರೆ.


ಯೆರೂಸಲೇಮ್
ಹದಿನೆಂಟನೆಯ ವರ್ಷ, ಏಲೂಲ್ ತಿಂಗಳು

ಅಕ್ಕ, ಮೊದಲು ನನ್ನ ಸಮಾಚಾರ. ನಾನು ದೊಡ್ಡ ಜಾಗದಲ್ಲಿಲ್ಲ. ಯಾವ ಸಾಲಿನಲ್ಲೂ ಇಲ್ಲ. ಸಮಾರ್ಯದಿಂದ ಬಂದ ವಾರದಲ್ಲೇ ನನ್ನನ್ನು ತೆಗೆದರು. ಈಗ ಬಡಗಣ ಬಾಗಿಲಲ್ಲಿ ಯಜ್ಞವೇದಿಯ ಸೌದೆ ಇಳಿಸುತ್ತೇನೆ. ಅಲ್ಲಿಗೆ ಹಾಡು ಕೇಳಿಸುತ್ತದೆ, ಪದಗಳು ಕೇಳಿಸುವುದಿಲ್ಲ. ನನಗೆ ಪದ ಗೊತ್ತಿರುವುದರಿಂದ ತೊಂದರೆಯಿಲ್ಲ.

ಮುಖ್ಯಗಾಯಕರನ್ನು ಬಾಗಿಲಲ್ಲೇ ತಡೆದು ನಿನ್ನ ಪ್ರಶ್ನೆ ಕೇಳಿದೆ. "ಹೋಮವಿಲ್ಲದೆ ಹಾಡಿಲ್ಲ" ಅಂದರು. ಒಂದು ಹೆಜ್ಜೆ ಹೋಗಿ ನಿಂತು, "ನಿಮ್ಮಪ್ಪ ಇನ್ನೂ ಇದ್ದಾರಾ?" ಎಂದು ಕೇಳಿದರು. ಇದ್ದಾರೆ ಅಂದೆ. ತಲೆಯಾಡಿಸಿ ಹೋದರು.

ಇಲ್ಲಿನ ನಿಯಮ ಅದು. ನಿನ್ನ ಹಿರಿಯರಿಗೆ ಇದನ್ನೇ ಓದಿ ಹೇಳು. ಈ ಸಲ ನಾನು ಏನನ್ನೂ ಮುಚ್ಚಿಟ್ಟಿಲ್ಲ.

ಇನ್ನು ನನ್ನ ಮಾತು. ಇದಕ್ಕೆ ಯೆರೂಸಲೇಮಿನ ಬೆಂಬಲ ಇಲ್ಲ. ಸೌದೆ ಇಳಿಸುತ್ತ ಇಳಿಸುತ್ತ ನೋಡಿದ್ದೇನೆ. ಕತ್ತಿ ಹಿಡಿಯುವವರು ಬೇರೆ, ರಕ್ತ ಹಿಡಿಯುವವರು ಬೇರೆ, ಬೆಂಕಿ ನೋಡಿಕೊಳ್ಳುವವರು ಬೇರೆ. ಗಾಯಕರ ಪಾಲಿಗೆ ಬಂದದ್ದು ಉಸಿರು ಮಾತ್ರ. ಅಧಿಪತಿಗಳು ನಿಮ್ಮ ಕುರಿಗಳನ್ನು ಬೇಡ ಅಂದರು. ಉಸಿರಿನ ಮಾತೇ ಅವರು ಎತ್ತಿಲ್ಲ. ಕೊಡಿ ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ. ನಾನಾಗಿದ್ದರೆ ಹಾಡುತ್ತಿದ್ದೆ.

ಅಪ್ಪನಿಗೆ ಎಲ್ಲವನ್ನೂ ಹೇಳಿಬಿಡು. ನೆನಪಿಲ್ಲ ಅಂದದ್ದನ್ನೂ.


ಯೇಬ್ ಕೋಟೆ
ಹತ್ತೊಂಬತ್ತನೆಯ ವರ್ಷ, ಸೀವಾನ್ ತಿಂಗಳು

ತಮ್ಮ,

ನೀನು ಹೇಳಿದಂತೆ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರು ಬೆಚ್ಚಲಿಲ್ಲ. "ಅವನು ಬಾಯಿಬಿಟ್ಟು ವಾದಿಸಿದ್ದರೆ ಆಗುತ್ತೆ ಅಂತಲೋ ಆಗಲ್ಲ ಅಂತಲೋ ಒಂದು ಉತ್ತರ ಬರ್ತಿತ್ತು. ಏನೂ ಬರಲಿಲ್ಲ ಅಂದಾಗಲೇ ನನಗೆ ತಿಳೀತು. ನೀನು ಕಷ್ಟಪಟ್ಟು ಸುಳ್ಳು ಹೇಳ್ತಿದ್ದೆ, ಸುಮ್ಮನಿದ್ದೆ" ಅಂದರು. ಆಮೇಲೆ, "ಸಮಾರ್ಯ ಎಷ್ಟು ದೂರ?" ಅಂತ ಕೇಳಿದರು.

ನಿನ್ನ ಪತ್ರವನ್ನು ಸಭೆಯಲ್ಲಿ ಓದಿಸಿದೆವು. "ಸೌದೆ ಇಳಿಸೋನ ಮಾತು ಹಿಡಿದು ದೇವರ ಮುಂದೆ ಹಾಡೋದಾ?" ಎಂದು ಒಬ್ಬರು ಅಂದರು. ಅಪ್ಪನನ್ನು ಮಂಚದ ಸಮೇತ ಹೊತ್ತು ತಂದಿದ್ದರು. ಮಲಗಿದ್ದಲ್ಲಿಂದಲೇ ಕೇಳಿದರು, "ಅವನು ಸೌದೆ ಇಳಿಸೋದು ಯಾಕೆ ಅಂತ ಕೇಳಿದಿರಾ?" ಆ ಮನುಷ್ಯ ಕುಳಿತುಕೊಂಡ. ತೀರ್ಮಾನ ಮಾತ್ರ ಆಗಲಿಲ್ಲ.

ತೀರ್ಮಾನವಾಗದೆಯೇ ನೀಸಾನ್ ತಿಂಗಳು ಬಂತು, ಹೊಸ ಮಾಡು ಬಂತು, ಬಾಗಿಲು ತೆರೆಯುವ ದಿನವೂ ಬಂತು. ಗೋಣಿತಟ್ಟು ಕಳಚಿ ಎಲ್ಲರೂ ಬಿಳಿ ಬಟ್ಟೆ ಉಟ್ಟು ನಿಂತಿದ್ದೆವು. ಗೋಣಿ ಉಟ್ಟು ಉಟ್ಟು ಮೈಮೇಲೆ ಬಟ್ಟೆಯೇ ಇಲ್ಲದ ಹಾಗೆ ಅನ್ನಿಸುತ್ತಿತ್ತು. ಯಾಜಕರು ಧಾನ್ಯ ಇಟ್ಟರು, ಕೆಂಡದ ಮೇಲೆ ಧೂಪ ಸುರಿದರು. ಹೊಗೆ ಎದ್ದಿತು. ಹಿಂದೆ ರಸ ಎರೆಯುತ್ತಿದ್ದ ಗಳಿಗೆ ಬಂತು. ಎಲ್ಲರಿಗೂ ಅದು ಗೊತ್ತಾಯಿತು. ಆಚೆ ಗುಡಿಯ ಗಿಲಕಿ ಕೇಳಿಸುತ್ತಿತ್ತು.

ಮಂಚದ ಮೇಲಿಂದಲೇ ಅಪ್ಪ ಶುರುಮಾಡಿದರು. ದನಿ ಒಡೆದ ಮಡಕೆಯ ಹಾಗಿತ್ತು. ಮೊದಲ ಸಾಲು ಮುಗಿಸಿದರು, ಎರಡನೆಯದಕ್ಕೆ ನಿಂತುಬಿಟ್ಟರು. ಐದು ವರ್ಷ ಬಾಯಿ ಮುಚ್ಚಿಸಿದರೆ ಎಂಥ ಗಾಯಕನಿಗೂ ಮರೆಯುತ್ತದೆ. ಅವರು ತಲೆ ಹೊರಳಿಸಿ ಬಲಗಡೆ ನೋಡಿದರು. ಅಲ್ಲಿ ನೀನು ಇರಲಿಲ್ಲ.

ನಾನು ಹೆಂಗಸರ ಸಾಲಿನಲ್ಲಿ ಹಿಂದೆ ನಿಂತಿದ್ದೆ. ಹುಟ್ಟಿದಾಗಿನಿಂದ ಅಲ್ಲೇ ನಿಂತು ಆ ಹಾಡು ಕೇಳಿದವಳು. ಎರಡನೆಯ ಸಾಲು ನನ್ನ ಬಾಯಿಂದ ಬಂತು. ಯಾರಾದರೂ ತಡೆಯುತ್ತಾರೆ ಎಂದು ಕಾಯುತ್ತಲೇ ಮೂರನೆಯ ಸಾಲನ್ನೂ ಹೇಳಿದೆ. ಯಾರೂ ತಡೆಯಲಿಲ್ಲ. ಅಪ್ಪ ಕಣ್ಣು ಮುಚ್ಚಿ ಬೆರಳಲ್ಲಿ ಮಂಚದ ಮರದ ಮೇಲೆ ತಾಳ ಹಾಕುತ್ತಿದ್ದರು. ನಾನು ಎಳೆದಲ್ಲಿ ಆ ಬೆರಳು ಕಾಯುತ್ತಿತ್ತು. ಮರುಸಾಲು ಬಂದಾಗ ಹೆಂಗಸರು ಹೇಳಿದರು, ಆಮೇಲೆ ಗಂಡಸರು, ಅಲ್ಲೊಬ್ಬರು ಇಲ್ಲೊಬ್ಬರು, ಒಬ್ಬರಿಗೊಬ್ಬರು ಹೊಂದದೆ. ಬೇಡ ಎಂದಿದ್ದವರೂ ಹೇಳಿದರು. ಚೆನ್ನಾಗಿತ್ತು ಅನ್ನಲಾರೆ. ಆದರೆ ಅಂಥದ್ದು ನನಗೆ ಇನ್ನೊಂದು ಸಲ ಕೇಳಲು ಸಿಗುವುದಿಲ್ಲ.

ಅದಾದ ಎಂಟು ದಿನಕ್ಕೆ ಅಬೀಹಿಯ ಮದುವೆ ಮಾಡಿದೆ. ಓಣಿಯಲ್ಲಿದ್ದ ದಮ್ಮಡಿಗಳೆಲ್ಲ ಹೊರಬಂದವು. ಕೆಲವುಗಳ ತೊಗಲನ್ನು ಇಲಿ ತಿಂದಿತ್ತು, ಅವನ್ನೂ ಬಾರಿಸಿದರು. ಪಿಲ್ತಿ ಕುಣಿಯಲು ಹೋಗಿ ಬಿದ್ದ. "ಇಷ್ಟು ವರ್ಷ ಬರೀ ಬರೆದೂ ಬರೆದೂ ಕಾಲು ಮರೆತುಹೋಗಿದೆ" ಅಂದ. ಈಗ ಇದನ್ನು ಬರೆಯುತ್ತ ನಗುತ್ತಿದ್ದಾನೆ.

ಮೊದಲು ಹೇಳಬೇಕಾಗಿದ್ದನ್ನು ಕೊನೆಗೆ ಹೇಳುತ್ತಿದ್ದೇನೆ. ಪಿಲ್ತಿಯ ನಗುವೂ ನಿಂತಿತು. ಹೋದ ತಿಂಗಳು ಅಪ್ಪ ತೀರಿಹೋದರು. ಊಟ ಮಾಡಿ, ಕೈಗೆ ನೀರು ಹಾಕು ಅಂದರು, ಹಾಕುವಷ್ಟರಲ್ಲಿ ಹೋಗಿದ್ದರು. ಮಣ್ಣು ಮಾಡುವಾಗ ಊರೆಲ್ಲ ಅತ್ತಿತು. ಅವರಿಗೆ ಪರದೇಶದಲ್ಲಿ ಒಬ್ಬ ಮಗನಿದ್ದಾನೆ, ನಮಗಾಗಿ ಸಮಾರ್ಯದ ತನಕ ನಡೆದವನು ಎಂದು ಹಿರಿಯರು ಎಲ್ಲರೆದುರು ಹೇಳಿದರು.

ಅಪ್ಪನ ಜಾಗಕ್ಕೆ ನಿನ್ನನ್ನು ಕರೆಸಬೇಕೆಂದು ಸಭೆಯಲ್ಲಿ ಮಾತು ಬಂತು. ನಾನು ಎದ್ದು ನಿಂತು, ಆ ಜಾಗದಲ್ಲಿ ಈಗ ನಾನಿದ್ದೇನೆ ಅಂದೆ. ಗೊಣಗಿದರು. ಗೊಣಗುತ್ತಲೇ ಇದ್ದಾರೆ. ಆದರೂ ಬೆಳಿಗ್ಗೆ ಧೂಪ ಎದ್ದಾಗ ನನ್ನ ಕಡೆಯೇ ನೋಡುತ್ತಾರೆ.

ನದಿಯ ನೆರೆ ಇಳಿಯುತ್ತಲೇ ಹೊರಟು ಬಾ. ನನ್ನ ಬಲಗಡೆ ನಿಲ್ಲು. ಸಾಲು ಎತ್ತಿಕೊಡುವವಳು ನಾನು, ಮರುಸಾಲು ಹಿಡಿಯಲು ನನಗೆ ಒಬ್ಬರು ಬೇಕು.